ಕೊರೊನಾ ಕಾಲದ ನಿಯಮಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಯಾವುದು?

ಕಿರಾಣಿ ಅಂಗಡಿ, ಹಾಸನ
ಒಂದು ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿದೆ. 2020, 2021ರಲ್ಲಿ ನಮ್ಮ ಮೇಲೆ ನೂರೆಂಟು ನಿಯಮ ಬಂದವು. ಅದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬಂತು, ಯಾವುದು ಬರೀ ತೋರಿಕೆ? ಪಕ್ಷದ ಜಗಳ ಬೇಡ. ನಿಮ್ಮ ಬೀದಿಯಲ್ಲಿ, ನಿಮ್ಮ ಕೆಲಸದಲ್ಲಿ ಕಂಡದ್ದನ್ನು ಹೇಳಿ ಸಾಕು.

ನಾನೇ ಶುರು ಮಾಡುತ್ತೇನೆ. ಅಂಗಡಿಯವನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎರಡನೇ ಅಲೆಯ "ಬೆಳಗ್ಗೆ 6ರಿಂದ 10". ದಿನವಿಡೀ ಒಬ್ಬೊಬ್ಬರಾಗಿ ಬರುತ್ತಿದ್ದ ಗಿರಾಕಿಗಳನ್ನು ನಾಲ್ಕು ಗಂಟೆಯೊಳಗೆ ತುರುಕಿದರು. ಒಂಬತ್ತೂವರೆ ಆದಮೇಲೆ ಅಂಗಡಿ ಮುಂದೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಹತ್ತಕ್ಕೆ ಪೊಲೀಸ್ ಜೀಪು ಬರುತ್ತೆ ಅನ್ನೋ ಹೆದರಿಕೆಗೆ ಎಲ್ಲರೂ ಒಟ್ಟಿಗೆ ಕೈ ಚಾಚುತ್ತಿದ್ದರು. ಅಂತರ ಕಾಯಿರಿ ಅಂತ ಬೋರ್ಡು ನಾನೇ ಬರೆದು ಹಾಕಿದ್ದೆ. ಆ ಬೋರ್ಡಿಗೇ ಒರಗಿಕೊಂಡು ನಿಲ್ಲುತ್ತಿದ್ದರು.

ಕೆಲಸಕ್ಕೆ ಬಂದದ್ದು ಸಾಮಾನಿನ ಚೀಟಿ. ಮನೆಯವರು ಪಟ್ಟಿ ಬರೆದು ಫೋಟೋ ಕಳಿಸೋದು, ನಾವು ರಾತ್ರಿಯೇ ಕಟ್ಟಿಟ್ಟು "ನೀವು ಏಳು ಗಂಟೆಗೆ ಬನ್ನಿ, ನೀವು ಏಳೂಕಾಲಿಗೆ" ಅನ್ನೋದು. ಬಂದವರು ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಇದನ್ನು ಯಾವ ಆದೇಶವೂ ಹೇಳಿರಲಿಲ್ಲ. ಬೀದಿಯ ನಾಲ್ಕು ಅಂಗಡಿಯವರು ಕೂತು ಮಾಡಿಕೊಂಡದ್ದು.

ಜಯನಗರದವಳು
ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ಸ್ನಾನ ಮಾಡಿಸುತ್ತಿದ್ದೆವು. ಸೊಪ್ಪು, ತರಕಾರಿಗೆ ಉಪ್ಪು ಮತ್ತು ಅಡುಗೆ ಸೋಡಾ. ದಿನಪತ್ರಿಕೆಗೆ ಇಸ್ತ್ರಿ ಹಾಕಿ ಓದುತ್ತಿದ್ದರು ನಮ್ಮ ಮಾವ! ಅದೆಲ್ಲ ಕೆಲಸಕ್ಕೆ ಬಂತಾ?

ಗಂಟಲ ದ್ರವ
ನಾನು ಆಗ ಒಂದು ಜಿಲ್ಲೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದೆ, ಹೆಸರು ನೋಡಿದರೇ ಗೊತ್ತಾಗುತ್ತೆ. ಹಾಲಿನ ಪ್ಯಾಕೆಟ್ ತೊಳೆದದ್ದರಿಂದ ಹೆಚ್ಚೇನೂ ಆಗಿಲ್ಲ. ಈ ವೈರಸ್ಸು ಹರಡುವುದು ಮುಖ್ಯವಾಗಿ ಉಸಿರಿನಿಂದ. ಮಾತಾಡುವಾಗ, ಕೆಮ್ಮುವಾಗ, ಹಾಡುವಾಗ ಹೊರಬೀಳುವ ಸಣ್ಣ ಹನಿಗಳು ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಾಳಿಯಲ್ಲೇ ತೇಲುತ್ತಿರುತ್ತವೆ. ವಸ್ತು ಮುಟ್ಟಿ ಸೋಂಕು ಬರುವ ಸಾಧ್ಯತೆ ಬಹಳ ಕಡಿಮೆ ಅಂತ 2021ರ ಹೊತ್ತಿಗೇ ಸ್ಪಷ್ಟವಾಗಿತ್ತು. ಆದರೆ ನಾವು ಪ್ಯಾಕೆಟ್ ತೊಳೆದು, ಕಿಟಕಿ ಮುಚ್ಚಿಕೊಂಡು, ಎಸಿ ಹಾಕಿಕೊಂಡು ಕೂತೆವು.

ತೋರಿಕೆಯ ಪಟ್ಟಿಗೆ ನನ್ನದು ಎರಡು. ಒಂದು, ಹಣೆಗೆ ಹಿಡಿಯುವ ಆ ಥರ್ಮಲ್ ಗನ್. ರೋಗಲಕ್ಷಣ ಶುರುವಾಗುವ ಮುಂಚೆಯೇ ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ಕಾಯಿಲೆ ಇದು. ಜ್ವರ ಬಂದವರನ್ನಷ್ಟೇ ಹಿಡಿಯುವ ಯಂತ್ರ ಏನು ಮಾಡೀತು? ಬಿಸಿಲಲ್ಲಿ ಸ್ಕೂಟರ್‌ನಲ್ಲಿ ಬಂದವನ ಹಣೆ ಸುಡುತ್ತಿತ್ತು, ಕೊಡೆ ಹಿಡಿದು ಬಂದವನ ಹಣೆ ತಣ್ಣಗಿರುತ್ತಿತ್ತು. ಇನ್ನೊಂದು, ಮಾರುಕಟ್ಟೆ ಬಾಗಿಲಲ್ಲಿ ನಿಲ್ಲಿಸಿದ ಔಷಧಿ ಸಿಂಪಡಿಸುವ ಸುರಂಗ. ಮನುಷ್ಯರ ಮೇಲೆ ಅದನ್ನು ಸಿಂಪಡಿಸಬೇಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಏಪ್ರಿಲ್‌ನಲ್ಲಿ ಹೇಳಿತು.

ಜಯನಗರದವಳು
ಅಯ್ಯೋ. ಮಾವನಿಗೆ ಇದನ್ನು ತೋರಿಸಲ್ಲ ನಾನು.

ಕಲಬುರಗಿ ಮಂದಿ
ದೇಶದ ಮೊದಲ ಕೊರೊನಾ ಸಾವು ನಮ್ಮೂರಲ್ಲಿ ಆದದ್ದು. 2020ರ ಮಾರ್ಚ್ 10. ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರು. ಎರಡು ದಿನ ಬಿಟ್ಟು ಅದು ಕೊರೊನಾ ಅಂತ ಖಚಿತ ಆಯಿತು. ಇಡೀ ದೇಶಕ್ಕೆ 24ರ ರಾತ್ರಿ ಎಂಟು ಗಂಟೆಗೆ ಲಾಕ್‌ಡೌನ್ ಗೊತ್ತಾಯಿತು. ನಮಗೆ ಅದಕ್ಕೂ ಮೊದಲೇ ಬಾಗಿಲು ಬಿದ್ದಿತ್ತು.

ನನಗೆ ಸಿಟ್ಟು ಇರುವುದು ಲಾಕ್‌ಡೌನ್ ಮೇಲೆ ಅಲ್ಲ ರೀ. ಆಮೇಲೆ ನಡೆದದ್ದರ ಮೇಲೆ. ದಿನಾ ಸಂಜೆ ಬುಲೆಟಿನ್ ಬರುತ್ತಿತ್ತು. ಪಿ (ಅಂದರೆ ರೋಗಿಯ ನಂಬರ್) ಇಂತಿಷ್ಟು, ವಯಸ್ಸು ಇಷ್ಟು, ಇಂಥ ಊರು, ಪಿ ಇಂತಿಷ್ಟರ ಸಂಪರ್ಕ. ಟಿವಿಯವರು ಅದನ್ನೇ ಹಿಡಿದು ಮನೆ ಬಾಗಿಲಿಗೆ ಕ್ಯಾಮೆರಾ ತರುತ್ತಿದ್ದರು. ನಮ್ಮ ಓಣಿಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದಾಗ ಅವರ ಮನೆಗೆ ಹಾಲು ಹಾಕೋದನ್ನೇ ನಿಲ್ಲಿಸಿದರು. ಹುಷಾರಾಗಿ ಬಂದ ಮೇಲೂ ಅವರ ಹೆಂಗಸರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಜ್ವರ ಬಂದರೆ ಹೇಳಿಕೊಳ್ಳಬಾರದು ಅನ್ನೋದನ್ನು ಜನ ಕಲಿತದ್ದು ಅಲ್ಲಿಂದಲೇ. ನೀವು ಏನೇ ನಿಯಮ ಮಾಡಿ, ಮಂದಿ ಮುಚ್ಚಿಡಲಿಕ್ಕೆ ಶುರು ಮಾಡಿದರೆ ಮುಗಿಯಿತು.

ಗಂಟಲ ದ್ರವ
ನೂರಕ್ಕೆ ನೂರು ನಿಜ. ಪರೀಕ್ಷೆಗೆ ಬಂದವರು ತಪ್ಪು ಫೋನ್ ನಂಬರ್ ಕೊಡುತ್ತಿದ್ದರು. ವರದಿ ಪಾಸಿಟಿವ್ ಬಂದರೆ ಹುಡುಕೋದು ಹೇಗೆ? ಪಾಪ, ಆಶಾ ಕಾರ್ಯಕರ್ತೆಯರೇ ಮನೆ ಮನೆ ಸುತ್ತಬೇಕಾಗುತ್ತಿತ್ತು.

ಆಶಾ ಅಕ್ಕ, ತುಮಕೂರು ಜಿಲ್ಲೆ
ಸುತ್ತಿದ್ದು ನಾವೇ. ಬೇರೆ ಊರಿಂದ ಯಾರು ಬಂದರು, ಯಾರಿಗೆ ಕೆಮ್ಮು ಇದೆ, ಯಾರು ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ ಎಲ್ಲ ಬರೆದುಕೊಳ್ಳಬೇಕು. ಕ್ವಾರಂಟೈನ್ ಇದ್ದವರ ಬಾಗಿಲಿಗೆ ಪೋಸ್ಟರ್ ಅಂಟಿಸುವಾಗ ನಮ್ಮ ಜೊತೆಗೆ ಯಾರೂ ಬರುತ್ತಿರಲಿಲ್ಲ. ಬೈಗುಳ ತಿಂದದ್ದು ನಾವೇ. "ನೀನೇ ಮನೆ ಮನೆಗೆ ರೋಗ ಹಂಚ್ತೀಯ" ಅಂತ ಗೇಟು ಹಾಕಿದರು. ನನ್ನ ಗಂಡನ ಮನೆಯಲ್ಲೇ ನನಗೆ ಬೇರೆ ತಟ್ಟೆ, ಬೇರೆ ಲೋಟ.

ಆದರೆ ಕೇಳಿದ್ದಕ್ಕೆ ಹೇಳುತ್ತೇನೆ, ನಮ್ಮ ಆ ಪಟ್ಟಿ ಕೆಲಸಕ್ಕೆ ಬಂತು. ನನ್ನ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ, ಯಾರಿಗೆ ಬಿಪಿ ಮಾತ್ರೆ ಮುಗಿದಿದೆ ಅಂತ ಬಾಯಲ್ಲೇ ಹೇಳುತ್ತಿದ್ದೆ. 2021ರಲ್ಲಿ ಪಲ್ಸ್ ಆಕ್ಸಿಮೀಟರ್ ಕೊಟ್ಟರು. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡಿ, 94ಕ್ಕಿಂತ ಕೆಳಗೆ ಬಂದವರನ್ನು ಆಸ್ಪತ್ರೆಗೆ ಹತ್ತಿಸುತ್ತಿದ್ದೆವು. ಮೈಯಲ್ಲಿ ಏನೂ ಕಷ್ಟ ಇಲ್ಲ ಅಂತ ಕೂತು ಮಾತಾಡುತ್ತಿದ್ದವರಿಗೂ 86, 88 ತೋರಿಸುತ್ತಿತ್ತು. ಆ ಸಣ್ಣ ಯಂತ್ರ ಇಲ್ಲದಿದ್ದರೆ ಕೆಲವರು ಇವತ್ತು ಇರುತ್ತಿರಲಿಲ್ಲ.

ಬಿಎಂಟಿಸಿ ಪಾಸ್
ಕೈ ಮೇಲೆ ಹಾಕುತ್ತಿದ್ದ ಸೀಲು ಯಾರಿಗೆ ನೆನಪಿದೆ? ವೋಟು ಹಾಕುವಾಗ ಬೆರಳಿಗೆ ಹಚ್ಚುತ್ತಾರಲ್ಲ, ಆ ಥರದ ಅಳಿಸದ ಶಾಯಿ. ಅದರ ಜೊತೆಗೆ ಕ್ವಾರಂಟೈನ್ ವಾಚ್ ಆ್ಯಪ್. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು. ನನ್ನ ರೂಮ್‌ಮೇಟ್ ದುಬೈನಿಂದ ಬಂದಿದ್ದ. ಆ ಹದಿನಾಲ್ಕು ದಿನದಲ್ಲಿ ಅವನ ಮುಖ ಅವನಿಗೇ ಬೇಜಾರಾಗಿ ಹೋಯಿತು 😀

ಮಂಜೇಶ್ವರದಿಂದ
ನೀವೆಲ್ಲ ಕರ್ನಾಟಕದ ಒಳಗಿನಿಂದ ಮಾತಾಡುತ್ತಿದ್ದೀರಿ. ನಾವು ಕಾಸರಗೋಡು ಜಿಲ್ಲೆಯವರು. ಭಾಷೆ ಕನ್ನಡ, ತುಳು. ಆಸ್ಪತ್ರೆ ಮಂಗಳೂರು. ಡಯಾಲಿಸಿಸ್ ಇರಲಿ, ಹೆರಿಗೆ ಇರಲಿ, ಹೃದಯದ ಕಾಯಿಲೆ ಇರಲಿ, ನಮ್ಮ ಗಾಡಿ ತಲಪಾಡಿ ಗಡಿ ದಾಟಿ ದೇರಳಕಟ್ಟೆ ಕಡೆಗೇ ಹೋಗುವುದು. ಕಾಞಂಗಾಡಿಗೋ ಕಣ್ಣೂರಿಗೋ ಹೋಗಬೇಕಾದರೆ ದೂರ ಎಷ್ಟು ಅಂತ ನಕ್ಷೆ ನೋಡಿ.

2020ರ ಮಾರ್ಚ್ ಕೊನೆಗೆ ಕರ್ನಾಟಕದವರು ಗಡಿ ಮುಚ್ಚಿದರು. ಹೆದ್ದಾರಿಯಲ್ಲಿ ಬ್ಯಾರಿಕೇಡ್, ಒಳದಾರಿಗಳಲ್ಲಿ ಟಿಪ್ಪರ್ ತಂದು ಮಣ್ಣು ಸುರಿದರು. ಆಂಬ್ಯುಲೆನ್ಸನ್ನೂ ಬಿಡಲಿಲ್ಲ. ಸಮಯಕ್ಕೆ ಆಸ್ಪತ್ರೆ ಸೇರಲಾಗದೆ ಜನ ಸತ್ತರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಆಮೇಲೆ ರೋಗಿಗಳನ್ನು ಬಿಡುವುದಕ್ಕೆ ಒಪ್ಪಂದ ಆಯಿತು. ಆಗಲೂ ಕಾಗದ ಪತ್ರ, ತಪಾಸಣೆ ಅಂತ ಗಡಿಯಲ್ಲಿ ಕಾಯಬೇಕಿತ್ತು. ಎದೆನೋವು ಕಾಯುತ್ತದೆಯೇ?

ಕೇರಳದಲ್ಲಿ ಆಗ ಕೇಸು ಜಾಸ್ತಿ ಇದ್ದದ್ದು ಕಾಸರಗೋಡಿನಲ್ಲೇ, ಒಪ್ಪುತ್ತೇನೆ. ಮಂಗಳೂರಿನವರಿಗೆ ಹೆದರಿಕೆ ಇತ್ತು, ಅದೂ ಸರಿ. ಆದರೆ ಜನ ಓಡಾಡುವುದನ್ನು ನಿಲ್ಲಿಸುವುದು ಬೇರೆ, ರೋಗಿಯನ್ನು ನಿಲ್ಲಿಸುವುದು ಬೇರೆ ಅಲ್ವಾ? ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ನಿಯಮ ಆ ಮಣ್ಣಿನ ರಾಶಿ.

ಕರಾವಳಿ ಹುಡುಗ
ಮಂಗಳೂರಿನವನಾಗಿ ಹೇಳುತ್ತೇನೆ, ಆಗ ನಮ್ಮಲ್ಲಿ ಬಹಳ ಜನ ಆ ಮಣ್ಣು ಹಾಕಿದ್ದನ್ನು ಹೊಗಳಿದರು. ಇವತ್ತು ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಮಲೆನಾಡು ಮಳೆ
ಗಡಿಯಲ್ಲಿ ಮಾತ್ರ ಅಲ್ಲ ಮಾರಾಯ್ರೇ, ಹಳ್ಳಿ ಹಳ್ಳಿಯಲ್ಲೂ ದಾರಿಗೆ ಮರ ಕಡಿದು ಹಾಕಿದರು, ಮುಳ್ಳು ಹಾಕಿದರು, ಜೆಸಿಬಿ ತಂದು ಅಗೆದರು. "ನಮ್ಮೂರಿಗೆ ಬರಬೇಡಿ" ಅಂತ ಬೋರ್ಡು. ಬೆಂಗಳೂರಿನಿಂದ ಬಂದ ಸ್ವಂತ ಊರಿನ ಹುಡುಗರನ್ನೇ ತಡೆದರು. ನಮ್ಮ ಪಕ್ಕದ ಊರಿನಲ್ಲಿ ಹಸುವಿಗೆ ಹುಷಾರಿಲ್ಲ ಅಂತ ಕರೆಸಿದ ದನದ ಡಾಕ್ಟರು ಅಗಳಿನಿಂದ ಆಚೆಗೇ ನಿಂತು ಔಷಧಿ ಹೇಳಿ ಹೋದರು.

ಸಂಕ್ರಾಂತಿ ಎಳ್ಳು
ನಮ್ಮ ತಾತ ಹೇಳುತ್ತಿದ್ದ ಪ್ಲೇಗಿನ ಕಥೆಯೂ ಹೀಗೇ ಇತ್ತು. ಇಲಿ ಬಿದ್ದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ತಿಂಗಳುಗಟ್ಟಲೆ ಅಲ್ಲೇ ಅಡುಗೆ, ಅಲ್ಲೇ ಹೆರಿಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೇ ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿ ಕಡೆಗೆ ಹೋದದ್ದು. ಅಗಲ ರಸ್ತೆ, ಮನೆ ಮನೆಗೆ ನಡುವೆ ಜಾಗ, ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಓಣಿ. ಗಾಳಿ ಬೆಳಕು ಬರಲಿ ಅಂತಲೇ ಹಾಗೆ ಕಟ್ಟಿದರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಅಲ್ಲಲ್ಲಿ ಇವೆ.

ಈಗ ಅದೇ ಬಡಾವಣೆಗಳಲ್ಲಿ ಜಾಗ ಬಿಡದೆ ನಾಲ್ಕು ಮಹಡಿ ಎಬ್ಬಿಸಿ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ತಾಗುತ್ತೆ. ಲ್ಯಾಬಿನವರು ಗಾಳಿಯ ಮಾತು ಹೇಳಿದರಲ್ಲ, ಅದಕ್ಕೆ ನೆನಪಾಯಿತು.

ಕಿರಾಣಿ ಅಂಗಡಿ, ಹಾಸನ
ಒಳ್ಳೆ ವಿಷಯ ಹೇಳಿದಿರಿ. ಹಾಗಾದರೆ ಜನ ಹೊಲದಲ್ಲಿದ್ದಾಗ ಅಂಗಡಿ ಎಲ್ಲಿರುತ್ತಿತ್ತೋ! ಯಾರಾದರೂ ಆಟೋದವರು, ಕ್ಷೌರದ ಅಂಗಡಿಯವರು ಇದ್ದರೆ ಬರೆಯಿರಿ. ಅವರಿಗೆ ಬಂದ ಹಣದ ಬಗ್ಗೆ ಕೇಳಬೇಕಿತ್ತು.

ಮೀಟರ್ ಹಾಕಿ ಸಾರ್
ಆಟೋ ಓಡಿಸುತ್ತೇನೆ, ಬೆಂಗಳೂರು. 2020ರ ಮೇ ತಿಂಗಳಲ್ಲಿ ಆಟೋ, ಟ್ಯಾಕ್ಸಿಯವರಿಗೆ 5,000 ರೂಪಾಯಿ ಅಂತ ಮುಖ್ಯಮಂತ್ರಿ ಯಡಿಯೂರಪ್ಪನವರು ಘೋಷಣೆ ಮಾಡಿದರು. ಕ್ಷೌರಿಕರು, ಅಗಸರಿಗೂ ಅಷ್ಟೇ. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಲೈಸೆನ್ಸು, ಗಾಡಿ ನಂಬರು, ಆಧಾರ್, ಬ್ಯಾಂಕ್ ಖಾತೆ. ಎಲ್ಲ ಸರಿ ಇದ್ದವರಿಗೆ ಬಂತು, ನನಗೂ ಬಂತು, ಸುಳ್ಳು ಹೇಳಲ್ಲ. ಆದರೆ ಅರ್ಜಿ ಹಾಕೋಕೆ ಸೈಬರ್ ಅಂಗಡಿ ಬೇಕು, ಸೈಬರ್ ಅಂಗಡಿ ಮುಚ್ಚಿತ್ತು! ಕೊನೆಗೆ ಪಕ್ಕದ ಮನೆಯ ಕಾಲೇಜು ಹುಡುಗಿ ಫೋನಲ್ಲೇ ಹಾಕಿಕೊಟ್ಟಳು. ಬಾಡಿಗೆ ಆಟೋ ಓಡಿಸುವ ನನ್ನ ಸ್ನೇಹಿತರು ಬಹಳ ಜನ ಕಾಗದ ಹೊಂದಿಸಲಾಗದೆ ಕೈಬಿಟ್ಟರು.

ಆಟೋ ಒಳಗೆ ನನಗೂ ಪ್ಯಾಸೆಂಜರಿಗೂ ನಡುವೆ ಪ್ಲಾಸ್ಟಿಕ್ ಶೀಟ್ ಕಟ್ಟಿಸಿದರು. ಎರಡೂ ಕಡೆ ಬಯಲು ಇರುವ ಗಾಡಿಗೆ ಪರದೆ. ಅದನ್ನು ತೋರಿಕೆಯ ಪಟ್ಟಿಗೆ ಸೇರಿಸಿಕೊಳ್ಳಿ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ
ಹೂವಿನವರಿಗೆ ಹೆಕ್ಟೇರಿಗೆ 25,000 ಅಂದರು. ಅದೂ ಒಂದು ಹೆಕ್ಟೇರ್ ಮಿತಿ. ಜಾತ್ರೆ ಇಲ್ಲ, ಮದುವೆ ಇಲ್ಲ, ದೇವಸ್ಥಾನ ಮುಚ್ಚಿದೆ. ಹೂವು ಯಾರಿಗೆ? ಬಿಡಿಸುವ ಕೂಲಿಯೂ ಹುಟ್ಟಲ್ಲ ಅಂತ ಟ್ರ್ಯಾಕ್ಟರ್ ಹೊಡೆಸಿ ಮಣ್ಣಿಗೆ ಸೇರಿಸಿದೆವು. ಕಲ್ಲಂಗಡಿಯವರದ್ದೂ ಅದೇ ಪಾಡು. ತರಕಾರಿ ಸಾಗಿಸಲು ಪಾಸು ಇತ್ತು, ಗಾಡಿ ಬಿಡುತ್ತಿದ್ದರು. ಆದರೆ ವಾಪಸ್ ಖಾಲಿ ಬರುವ ಗಾಡಿಯನ್ನು ಹಿಡಿದು "ಎಲ್ಲಿಗೆ ಹೋಗಿದ್ದೆ" ಅಂತ ಲಾಠಿ ಬೀಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದೇಶ ಬರೆದವರಿಗೆ ಲಾರಿ ವಾಪಸ್ ಬರಬೇಕು ಅನ್ನೋದು ಹೊಳೆದಿರಲಿಲ್ಲವೋ ಏನೋ.

ಕೆ.ಆರ್. ಪೇಟೆ ಟು ಮುಂಬೈ
ನಾವು ಮಂಡ್ಯ ಜಿಲ್ಲೆಯವರು, ಮುಂಬೈನಲ್ಲಿ ದುಡಿಯುತ್ತಿದ್ದೆವು. 2020ರ ಮೇನಲ್ಲಿ ಊರಿಗೆ ಬಂದೆವು. ಆಮೇಲಿನ ಬುಲೆಟಿನ್‌ಗಳು ನಿಮಗೆ ನೆನಪಿರಬೇಕು, ಮಂಡ್ಯ, ಯಾದಗಿರಿ, ಕಲಬುರಗಿ, ಎಲ್ಲ ಕಡೆ "ಮಹಾರಾಷ್ಟ್ರದಿಂದ ಬಂದವರು". ನಮ್ಮನ್ನು ಹಾಸ್ಟೆಲ್‌ನಲ್ಲಿ ಇಟ್ಟರು. ಒಂದು ಹಾಲ್, ಉದ್ದಕ್ಕೂ ಹಾಸಿಗೆ, ಎಲ್ಲರಿಗೂ ಸೇರಿ ನಾಲ್ಕೋ ಐದೋ ಬಚ್ಚಲು. ಮುಂಬೈನಲ್ಲಿ ಅಂಟದಿದ್ದರೂ ಅಲ್ಲಿ ಅಂಟುವ ಹಾಗಿತ್ತು. ಆದರೆ ಊಟ ಚೆನ್ನಾಗಿತ್ತು, ಮುದ್ದೆ ಹಾಕಿದರು, ಮೊಟ್ಟೆ ಕೊಟ್ಟರು. ಬಾಗಿಲ ಹೊರಗೆ ನಿಂತು ನಮ್ಮ ಚಿಕ್ಕಪ್ಪ ಮಾತಾಡಿಸಿ ಹೋದರು. ಊರಿನವರು ಬೈದದ್ದೂ ಸತ್ಯ, ರಾತ್ರಿ ಬಾಳೆಹಣ್ಣು ಕಳಿಸಿದ್ದೂ ಸತ್ಯ.

ಟೀಚರಮ್ಮ, ಶಿರಸಿ ಕಡೆ
ಶಾಲೆಯ ಬಗ್ಗೆ ಯಾರೂ ಬರೆದಿಲ್ಲವಲ್ಲ? ನನಗೆ ಜಾಸ್ತಿ ಹೇಳೋದಿದೆ, ತಾಳ್ಮೆ ಇರಲಿ.

2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಎಂಟು ಲಕ್ಷಕ್ಕೂ ಜಾಸ್ತಿ ಮಕ್ಕಳು. ಸುತ್ತಲಿನ ಕೆಲವು ರಾಜ್ಯಗಳು ಪರೀಕ್ಷೆಯನ್ನೇ ರದ್ದು ಮಾಡಿದ್ದವು. ಸಚಿವ ಸುರೇಶ್ ಕುಮಾರ್ ಅವರು ಮಾಡಿಯೇ ತೀರುತ್ತೇವೆ ಅಂದಾಗ ನಾವು ಶಿಕ್ಷಕರೇ ಬೈದುಕೊಂಡೆವು. ಆದರೆ ಮಾಡಿದ ರೀತಿ ಚೆನ್ನಾಗಿತ್ತು. ಒಂದು ಕೋಣೆಗೆ ಮಕ್ಕಳನ್ನು ಕಡಿಮೆ ಮಾಡಿದೆವು, ಕಿಟಕಿ ಬಾಗಿಲು ಎಲ್ಲ ತೆಗೆದಿಟ್ಟೆವು, ಬಸ್ ಇಲ್ಲದ ಊರಿಗೆ ಗಾಡಿ ಕಳಿಸಿದರು, ಜ್ವರ ಇದ್ದವರಿಗೆ ಬೇರೆ ಕೋಣೆ. ಸ್ಕೌಟ್ಸ್ ಮಕ್ಕಳು ಬಾಗಿಲಲ್ಲಿ ನಿಂತು ಕೈಗೆ ಸ್ಯಾನಿಟೈಸರ್ ಹಾಕಿದರು. 2021ರಲ್ಲಿ ಇನ್ನೂ ಸುಲಭ ಮಾಡಿದರು, ಜುಲೈ 19 ಮತ್ತು 22, ಎರಡೇ ದಿನದಲ್ಲಿ ಮುಗಿಸಿದರು.

ಪರೀಕ್ಷೆಗೆ ಇಷ್ಟು ಬುದ್ಧಿ ಓಡಿಸಿದವರು ಪಾಠಕ್ಕೆ ಯಾಕೆ ಓಡಿಸಲಿಲ್ಲ ಅನ್ನೋದು ನನ್ನ ಪ್ರಶ್ನೆ. ಓಡಿಸಿದರು, ಬಿಡಿ, ಆದರೆ ನಡುವೆ ಕೈಬಿಟ್ಟರು. ಅದು ವಿದ್ಯಾಗಮ. ಶಾಲೆ ಮುಚ್ಚಿದೆ, ಮೊಬೈಲ್ ಇಲ್ಲ, ಹಾಗಾಗಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವುದು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆಯ ಅಂಗಳ, ಅಡಿಕೆ ಚಪ್ಪರ. ಸಣ್ಣ ಸಣ್ಣ ಗುಂಪು. ಎಲ್ಲ ಬಯಲಲ್ಲೇ. ಲ್ಯಾಬಿನವರು ಹೇಳಿದ ಗಾಳಿಯ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಇದೆಯೇ? ನನ್ನ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ, ಶಾಲೆಯಲ್ಲಿ ಬಾಯಿ ಬಿಡದವನು. ಅವರ ಮನೆಯ ಅಂಗಳದಲ್ಲಿ ಪಾಠ ಅಂದ ಕೂಡಲೇ ಅವನೇ ಯಜಮಾನ! ಚಾಪೆ ಹಾಸೋದು, ನೀರು ತರೋದು, ಮಗ್ಗಿ ಮೊದಲು ಹೇಳೋದು.

2020ರ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲುತ್ತಿದೆ ಅಂತ ಪತ್ರಿಕೆಗಳಲ್ಲಿ ಬಂತು. ಶಿಕ್ಷಕರು ಸತ್ತದ್ದೂ ಸುಳ್ಳಲ್ಲ, ನನ್ನ ಜೊತೆಯವರನ್ನೇ ಕಳೆದುಕೊಂಡಿದ್ದೇನೆ. ಆದರೆ ಅದೇ ತಿಂಗಳುಗಳಲ್ಲಿ ಮದುವೆ ಮಂಟಪ ತೆರೆದಿತ್ತು, ಬಾರ್ ತೆರೆದಿತ್ತು, ಉಪಚುನಾವಣೆ ಪ್ರಚಾರ ನಡೆಯುತ್ತಿತ್ತು. ಮುಚ್ಚಲು ಸುಲಭ ಅಂತ ಶಾಲೆಯನ್ನು ಮುಚ್ಚಿದರು. ಮಕ್ಕಳು ಧರಣಿ ಕೂರುವುದಿಲ್ಲವಲ್ಲ.

ಆಮೇಲೆ ಚಂದನ ವಾಹಿನಿಯ ಪಾಠ, ಆನ್‌ಲೈನ್ ಪಾಠ. ನಮ್ಮ ಘಟ್ಟದಲ್ಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದೆಸಿದ ಸಣ್ಣ ಗುಡಿಸಲಲ್ಲಿ ಕೂತು ಮಕ್ಕಳು ಓದಿದರು. ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಮಗಳು ಪಾಠ ಕೇಳುತ್ತಿರುವಾಗ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಎಲ್ಲರೂ ಹಂಚಿಕೊಂಡು ಮೆಚ್ಚಿದರು. ನನಗೆ ಅದರಲ್ಲಿ ಮೆಚ್ಚುವಂಥದ್ದು ಏನೂ ಕಾಣಲಿಲ್ಲ. ಟವರ್ ಹಾಕಬೇಕಾದವರು ಹಾಕಿರಲಿಲ್ಲ, ಅಷ್ಟೇ.

ಜಯನಗರದವಳು
ಟೀಚರ್, ಪೂರ್ತಿ ಓದಿದೆ. ನಮ್ಮ ಮಗ ಆಗ ಒಂದನೇ ತರಗತಿ. ಅಕ್ಷರ ಕಲಿತದ್ದು ಮೊಬೈಲಿನಲ್ಲಿ. ಇವತ್ತಿಗೂ ಬರೆಯಲು ಕೂತರೆ ಕೈ ನೋವು ಅಂತಾನೆ.

ನಿರ್ವಾಹಕ
ಉಪಚುನಾವಣೆ, ಬಾರ್ ವಿಷಯ ಹಿಡಿದು ಪಕ್ಷದ ಜಗಳ ಶುರು ಮಾಡಿದ ಮೂರು ಬರಹ ತೆಗೆದಿದ್ದೇನೆ. ದಯವಿಟ್ಟು ಪ್ರಶ್ನೆಗೆ ಬನ್ನಿ.

ದೊಮ್ಮಲೂರು
ಸೀಲ್‌ಡೌನ್ ಬಗ್ಗೆ ಒಂದು ಮಾತು. ಮೊದಮೊದಲು ಒಬ್ಬರಿಗೆ ಬಂದರೆ ಇಡೀ ವಾರ್ಡು, ಆಮೇಲೆ ಬೀದಿ, ಆಮೇಲೆ ಮನೆ. ತಗಡಿನ ಶೀಟು ಹೊಡೆಯೋದು. 2020ರ ಜುಲೈನಲ್ಲಿ ನಮ್ಮ ಏರಿಯಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಫ್ಲಾಟಿನ ಬಾಗಿಲಿಗೇ ತಗಡು ಜಡಿದರು. ಒಳಗೆ ಸಣ್ಣ ಮಕ್ಕಳಿದ್ದರು, ವಯಸ್ಸಾದವರಿದ್ದರು. ಬೆಂಕಿ ಬಿದ್ದಿದ್ದರೆ? ಫೋಟೋ ಎಲ್ಲ ಕಡೆ ಹರಡಿ, ಬಿಬಿಎಂಪಿ ಆಯುಕ್ತರು ಕ್ಷಮೆ ಕೇಳಿ ತಗಡು ತೆಗೆಸಿದರು.

ಗಂಟಲ ದ್ರವ
ಅಂಗಡಿಯಣ್ಣನ ಮೊದಲ ಮಾತಿಗೆ ಒಂದು ತಕರಾರು ಉಳಿದಿದೆ. 6ರಿಂದ 10 ಪೂರ್ತಿ ತಪ್ಪು ಅಂತ ನನಗೆ ಅನಿಸಲ್ಲ. 2021ರ ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ 50 ಸಾವಿರ ಕೇಸು ದಾಟಿತು. ಲ್ಯಾಬಿನಲ್ಲಿ ಟ್ಯೂಬು ಇಡಲು ಜಾಗ ಇರಲಿಲ್ಲ. ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ. ಆ ಹೊತ್ತಿನಲ್ಲಿ ಜನ ಮನೆಯೊಳಗೆ ಇರಲೇಬೇಕಿತ್ತು. ಜೂನ್ ಹೊತ್ತಿಗೆ ಕೇಸು ಇಳಿದದ್ದಕ್ಕೆ ಲಾಕ್‌ಡೌನ್ ಕೂಡ ಒಂದು ಕಾರಣ.

ಕಿರಾಣಿ ಅಂಗಡಿ, ಹಾಸನ
ಮನೆಯೊಳಗೆ ಇರಬಾರದಿತ್ತು ಅಂತ ನಾನು ಹೇಳಲಿಲ್ಲ. ಇರಲಿ. ಆದರೆ ಅಕ್ಕಿ ಬೇಳೆ ತರಲು ಬಿಟ್ಟ ಮೇಲೆ ಅದಕ್ಕೆ ಹೊತ್ತು ಜಾಸ್ತಿ ಕೊಟ್ಟಿದ್ದರೆ ಒಬ್ಬರ ಮೇಲೊಬ್ಬರು ಬೀಳುತ್ತಿರಲಿಲ್ಲ. ನಾಲ್ಕು ಗಂಟೆಯ ಅವಧಿಯಲ್ಲಿ ನೂರು ಜನ ಬರುವುದು ಬೇರೆ, ಹನ್ನೆರಡು ಗಂಟೆಯ ಅವಧಿಯಲ್ಲಿ ನೂರು ಜನ ಬರುವುದು ಬೇರೆ. ಬರುವವರ ಸಂಖ್ಯೆ ಅಷ್ಟೇ ಇರುತ್ತೆ ಸಾರ್, ಹೊಟ್ಟೆ ಅಷ್ಟೇ ಇರುತ್ತಲ್ಲ!

ಗಂಟಲ ದ್ರವ
ಪೊಲೀಸರ ಕಡೆಯಿಂದ ನೋಡಿ. ದಿನವಿಡೀ ಅಂಗಡಿ ತೆರೆದಿದ್ದರೆ, ರಸ್ತೆಯಲ್ಲಿ ಸಿಕ್ಕ ಪ್ರತಿಯೊಬ್ಬರ ಕೈಯಲ್ಲೂ ಒಂದು ಕೊತ್ತಂಬರಿ ಕಟ್ಟು ಇರುತ್ತಿತ್ತು.

ಕಿರಾಣಿ ಅಂಗಡಿ, ಹಾಸನ
ಅದೂ ನಿಜ 😀 ಆದರೂ ನನ್ನ ಚೀಟಿ ಪದ್ಧತಿಗೆ ಇಬ್ಬರೂ ಒಪ್ಪಬಹುದು.

ಬಿಎಂಟಿಸಿ ಪಾಸ್
ನಿಯಮ ಗಳಿಗೆಗೊಂದು ಬದಲಾದದ್ದನ್ನೂ ಸೇರಿಸಿ. 2020ರ ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಅಂದರು, ಸಮಯ ಬದಲಿಸಿದರು, ಶುರುವಾಗಬೇಕಿದ್ದ ದಿನವೇ ವಾಪಸ್ ತೆಗೆದುಕೊಂಡರು. ಮಾಸ್ಕ್ ದಂಡವೂ ಹಾಗೇ. 200 ಇತ್ತು, ಅಕ್ಟೋಬರ್‌ನಲ್ಲಿ ನಗರದಲ್ಲಿ 1,000 ಮಾಡಿದರು, ಜನ ಬೈದರು, 250ಕ್ಕೆ ಇಳಿಸಿದರು. ಚೌಕಾಸಿ ಮಾಡಿ ಇಳಿಸಿದ ದಂಡ ಜಗತ್ತಿನಲ್ಲಿ ಇದೊಂದೇ ಇರಬೇಕು.

ಮೆಲ್ಬರ್ನ್ ಕನ್ನಡಿಗ
ನಿಯಮ ಗಟ್ಟಿಯಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವವರಿಗೆ ನಮ್ಮೂರಿನ ಕಥೆ. ಎಲ್ಲ ಸೇರಿಸಿ 262 ದಿನ ಲಾಕ್‌ಡೌನ್. ಮನೆಯಿಂದ 5 ಕಿಲೋಮೀಟರ್ ದಾಟಬಾರದು, ರಾತ್ರಿ ಕರ್ಫ್ಯೂ. ಕೆಲಸ ಹೋದವರಿಗೆ ಸರ್ಕಾರ ಹಣ ಹಾಕಿತು, ಹಾಗಾಗಿ ಜನ ತಡೆದುಕೊಂಡರು. ಮೀಟರ್ ಸಾರ್ ಹೇಳಿದ ಒಂದು ಸಲದ 5,000ಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಆದರೆ 2021ರ ಮೇ ಆರಂಭದಲ್ಲಿ ಭಾರತದಲ್ಲಿದ್ದ ಆಸ್ಟ್ರೇಲಿಯಾ ಪ್ರಜೆಗಳೇ ವಾಪಸ್ ಬಂದರೆ ಜೈಲು, ದಂಡ ಅಂದರು. ನನ್ನ ಹೆಂಡತಿ ಅವರಮ್ಮನನ್ನು ನೋಡಲು ದಾವಣಗೆರೆಗೆ ಹೋದವಳು ಅಲ್ಲೇ ಸಿಕ್ಕಿಕೊಂಡಳು. ಮಂಜೇಶ್ವರದವರ ಮಣ್ಣಿನ ರಾಶಿ ಓದಿದಾಗ ನನಗೆ ಅದೇ ನೆನಪಾಯಿತು.

ರಾಜಾಜಿನಗರ
ಎರಡನೇ ಅಲೆಯಲ್ಲಿ ಅಪ್ಪನನ್ನು ಕಳೆದುಕೊಂಡೆ. ಬರೆಯಬಾರದು ಅಂದುಕೊಂಡಿದ್ದೆ.

ಹಾಸಿಗೆ ಬೇಕು ಅಂದರೆ ಬಿಯು ನಂಬರ್ (ಬೆಂಗಳೂರಿನ ಸೋಂಕಿತರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಬೇಕು. ಬಿಯು ನಂಬರ್ ಬೇಕು ಅಂದರೆ ಪರೀಕ್ಷೆಯ ವರದಿ ಬೇಕು. ವರದಿ ಬರುವಷ್ಟರಲ್ಲಿ ಅಪ್ಪನಿಗೆ ಉಸಿರು ಕಟ್ಟಿತ್ತು. 1912 ಸಹಾಯವಾಣಿಗೆ ಕರೆ ಮಾಡುತ್ತಲೇ ಇದ್ದೆವು. ಒಂದು ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಕಾರಿನೊಳಗೇ ಕಾದೆವು. ಕೊನೆಗೆ ಅಲ್ಲಿನ ಒಬ್ಬ ನರ್ಸ್ ಹೊರಗೆ ಬಂದು, ತಮ್ಮ ಫೋನಿನಿಂದ ಯಾರಿಗೋ ಮಾತಾಡಿ ಬೇರೆ ಕಡೆ ಹಾಸಿಗೆ ಕೊಡಿಸಿದರು. ತಡವಾಗಿತ್ತು. ಆಮೇಲೆ ಸುಮನಹಳ್ಳಿ ಚಿತಾಗಾರದಲ್ಲಿ ಆಂಬ್ಯುಲೆನ್ಸ್ ಸಾಲು. ತಾವರೆಕೆರೆ ಹತ್ತಿರ ಬಯಲಲ್ಲೇ ಸುಡುತ್ತಿದ್ದ ದಿನಗಳು ಅವು.

ಕೇಳಿದ ಪ್ರಶ್ನೆಗೆ ನನ್ನ ಉತ್ತರ: ವರದಿ ಬರುವ ತನಕ ಹಾಸಿಗೆ ಇಲ್ಲ ಅನ್ನೋ ನಿಯಮ ಕೊಂದಿತು.

ಕಿರಾಣಿ ಅಂಗಡಿ, ಹಾಸನ
ಏನು ಹೇಳಬೇಕೋ ತೋಚುತ್ತಿಲ್ಲ ಸಾರ್. ಬರೆದಿರಲ್ಲ, ಒಳ್ಳೆಯದಾಯಿತು.

ಬಿಳಿಗಿರಿ
ಚಾಮರಾಜನಗರದವನು. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಹೋದರು. ಆಕ್ಸಿಜನ್ ಮೈಸೂರಿನಿಂದ ಬರಬೇಕಿತ್ತು. ಮೈಸೂರು ಕಳಿಸಿತಾ, ಇವರು ಕೇಳಿದ್ದು ತಡವಾಯಿತಾ ಅಂತ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹೇಳಿದರು. ಮೊದಲ ಅಲೆಯಲ್ಲಿ ನಮ್ಮದು ಬಹಳ ದಿನ ಹಸಿರು ಜಿಲ್ಲೆ. ಒಂದೂ ಕೇಸಿಲ್ಲ ಅಂತ ಹೊಗಳಿಸಿಕೊಂಡದ್ದೇ ಹೊಗಳಿಸಿಕೊಂಡದ್ದು. ಆ ತಿಂಗಳುಗಳಲ್ಲಿ ಒಂದು ಆಕ್ಸಿಜನ್ ಘಟಕ ಕಟ್ಟಬಹುದಿತ್ತು. ಜನರನ್ನು ಮನೆಯಲ್ಲಿ ಕೂರಿಸಿದ್ದು ಆಸ್ಪತ್ರೆ ಸಜ್ಜಾಗಲಿ ಅಂತ ಅಲ್ಲವೇ? ನಾವು ಕೂತೆವು. ಅವರು ಸಜ್ಜಾಗಲಿಲ್ಲ.

ಮಲೆನಾಡು ಮಳೆ
ಇದನ್ನು ಓದಿದ ಮೇಲೆ ನಮ್ಮ ಮುಳ್ಳಿನ ಬೇಲಿಯ ಕಥೆ ಸಣ್ಣದಾಯಿತು.

ಜಯನಗರದವಳು
ಲಸಿಕೆ ಬಗ್ಗೆ ಯಾರೂ ಬರೆದಿಲ್ಲ. ಕೋವಿನ್‌ನಲ್ಲಿ ಸ್ಲಾಟ್ ಹಿಡಿಯುವುದು ತತ್ಕಾಲ್ ಟಿಕೆಟ್ ಹಿಡಿದ ಹಾಗೆ. ತೆರೆದ ಕ್ಷಣದಲ್ಲಿ ಖಾಲಿ. ಬೆಂಗಳೂರಿನವರು ಕಾರು ಹತ್ತಿ ದೂರದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿ ಹಾಕಿಸಿಕೊಂಡು ಬಂದರು. 18 ದಾಟಿದವರಿಗೆ ಮೇನಲ್ಲಿ ಶುರು ಮಾಡಿ, ದಾಸ್ತಾನಿಲ್ಲ ಅಂತ ಅದೇ ತಿಂಗಳು ನಿಲ್ಲಿಸಿದರು.

ಆಶಾ ಅಕ್ಕ, ತುಮಕೂರು ಜಿಲ್ಲೆ
ಆ ಕಾರಿನವರನ್ನು ನಾನು ನೋಡಿದ್ದೇನೆ! ನಮ್ಮ ಹಳ್ಳಿಯವರಿಗೆ ಬುಕ್ ಮಾಡಲು ಬರುತ್ತಿರಲಿಲ್ಲ, ಹಾಗಾಗಿ ಲಸಿಕೆ ಕಾರಿಗೆ ಹೋಯಿತು. ಆಮೇಲೆ ನೇರವಾಗಿ ಬಂದರೂ ಹಾಕಿ ಅಂದಾಗ ನಮ್ಮವರಿಗೆ ಹೆದರಿಕೆ. ಸೂಜಿ ಹಾಕಿಸಿಕೊಂಡರೆ ಎರಡು ವರ್ಷಕ್ಕೆ ಸಾಯುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಒಬ್ಬ ಅಜ್ಜಿ ನನ್ನನ್ನು ಕಂಡು ಹುಲ್ಲಿನ ಬಣವೆ ಹಿಂದೆ ಅಡಗಿದರು. ನಾನು ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡು, ಅವರ ಮೊಮ್ಮಗಳ ಬಾಣಂತನದ ಸುದ್ದಿ ಮಾತಾಡಿದೆ. ಅವರಾಗೇ ಎದ್ದು ಬಂದರು. ಅಧಿಕಾರಿಗಳು ರೇಷನ್ ಕೊಡಲ್ಲ ಅಂತ ಹೆದರಿಸಿದ ಊರುಗಳಲ್ಲಿ ಜನ ತೋಟಕ್ಕೆ ಓಡಿದರು.

ಕಲಬುರಗಿ ಮಂದಿ
ಇದೇ ನೋಡ್ರಿ ನಾನು ಮೊದಲಿಗೆ ಹೇಳಿದ್ದು. ಹೆದರಿಸಿದರೆ ಮುಚ್ಚಿಡತಾರ, ಇಲ್ಲಾ ಓಡತಾರ.

ಟೀಚರಮ್ಮ, ಶಿರಸಿ ಕಡೆ
ಅಕ್ಕ, ನಿಮಗೆ ಒಂದು ಪ್ರಶ್ನೆ. ಮತ್ತೆ ಇಂಥದ್ದು ಬಂದರೆ, ಅದೇ ಪಟ್ಟಿ ಹಿಡಿದು ಮನೆ ಮನೆ ಹೋಗ್ತೀರಾ?

ಆಶಾ ಅಕ್ಕ, ತುಮಕೂರು ಜಿಲ್ಲೆ
ಹೋಗ್ತೀನಿ ಟೀಚರ್, ಯಾಕೆಂದರೆ ಅವರು ನನ್ನ ಊರಿನವರು. ಆದರೆ ಬರಿಗೈಯಲ್ಲಿ ಕಳಿಸಬೇಡಿ ಅಂತೀನಿ. 2020ರ ಜುಲೈನಲ್ಲಿ, ಕೊರೊನಾ ಜೋರಾಗಿದ್ದಾಗಲೇ ತಿಂಗಳಿಗೆ 12,000 ಕೊಡಿ ಅಂತ ಕೆಲಸ ನಿಲ್ಲಿಸಬೇಕಾಯಿತು. ನಮಗೆ ಹೂವು ಹಾಕಿದರು, ಚಪ್ಪಾಳೆ ತಟ್ಟಿದರು, ವಾರಿಯರ್ ಅಂದರು. 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತೆವು, ಆಗ 10,000ದ ಭರವಸೆ ಸಿಕ್ಕಿತು. ಗ್ಲೌಸು, ಒಳ್ಳೆ ಮಾಸ್ಕು, ಓಡಾಡಲು ಗಾಡಿ ಖರ್ಚು, ಜೊತೆಗೆ ಒಬ್ಬ ಗಂಡಾಳು. ಇಷ್ಟು ಮೊದಲೇ ಬರೆದಿಟ್ಟುಕೊಳ್ಳಿ. ಅಂಗಡಿಯಣ್ಣ ಹೇಳಿದ ಚೀಟಿ ಪದ್ಧತಿಯನ್ನೂ ಬರೆದುಕೊಳ್ಳಿ, ನಮ್ಮ ಹಳ್ಳಿಯ ಸೊಸೈಟಿಯಲ್ಲಿ ರೇಷನ್‌ಗೆ ಅದೇ ಮಾಡಬಹುದು.

ಕಿರಾಣಿ ಅಂಗಡಿ, ಹಾಸನ
ಸೊಸೈಟಿಗೆ ಹೇಗೆ ಮಾಡೋದು ಅಂತ ನಾಳೆ ಅಂಗಡಿ ಮುಚ್ಚಿದ ಮೇಲೆ ವಿವರವಾಗಿ ಬರೆಯುತ್ತೇನೆ ಅಕ್ಕ. ಬೆರಳಚ್ಚು ಕೊಡುವ ಯಂತ್ರ ಇರುವುದರಿಂದ ಸ್ವಲ್ಪ ಬೇರೆ ಥರ ಮಾಡಬೇಕು.